ಹುಸೇನಮ್ಮನ ಮನೆಯ ಡಬ್ಬಿ

ಹಲಸೂರಿನ ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿ ಮುನಿಕೃಷ್ಣಪ್ಪನ ಕೇಬಲ್ ಆಫೀಸು. ಕೆಳಗೆ ಸುಗಂಧರಾಜದ ಘಮ, ಮೇಲೆ ಸುಟ್ಟ ವೈರಿನ ವಾಸನೆ. ಜನ ಟೀವಿಗಾಗಿ ಆಂಟೆನಾ ತಿರುಗಿಸುತ್ತಿದ್ದ ಕಾಲದಲ್ಲೇ ಕಂಬದಿಂದ ಕಂಬಕ್ಕೆ ಕರಿಯ ಕೇಬಲ್ಲು ಎಳೆದು ದೊಡ್ಡವನಾದ ಮನುಷ್ಯ ಆತ. ಈಗ ಅದೇ ಕಂಬಗಳ ಮೇಲೆ ಇಂಟರ್‌ನೆಟ್ ಹರಿಸುತ್ತಿದ್ದ. ಕಂಬ ಅವೇ, ಕಾಗೆ ಅವೇ, ನಿಂತುಹೋದಾಗ ಜನ ಬೈಯುವ ಬೈಗುಳವೂ ಹೆಚ್ಚುಕಡಿಮೆ ಅದೇ.

ಆ ಬೈಗುಳವನ್ನು ಕಿವಿಯೊಡ್ಡಿ ಕೇಳುವುದು ಹಂಸಳ ಕೆಲಸ. ಅವಳು ಕೆ.ಆರ್. ಪುರದವಳು. ತಾತ ಚಿಕ್ಕಮುನಿಯಪ್ಪ ಊರಗುಡಿಯ ಜಗಲಿಯಲ್ಲಿ ಕೂತು ರಾಗವಾಗಿ ಕಾವ್ಯ ಓದುತ್ತಿದ್ದವರು. ಮೊಮ್ಮಗಳು ಪಕ್ಕದಲ್ಲಿ ಕೂತು, ಅರ್ಥವಾಗಲಿ ಬಿಡಲಿ, ಮಂಗಳದವರೆಗೂ ಕೇಳಿಸಿಕೊಂಡು ಬೆಳೆದವಳು. ಹೀಗಾಗಿ ಗಿರಾಕಿಯೊಬ್ಬ ಫೋನಿನಲ್ಲಿ ಅವಳ ವಂಶವನ್ನೆಲ್ಲ ಜಾಲಾಡುತ್ತಿದ್ದರೂ ಅವಳು ನಡುವೆ ಬಾಯಿ ಹಾಕುತ್ತಿರಲಿಲ್ಲ. ಆತ ಉಸಿರು ತೆಗೆದುಕೊಳ್ಳುವ ಜಾಗ ಬರುವವರೆಗೆ ಕಾದು, "ಸರ್, ಒಂದ್ಸಲ ಮೋಡೆಮ್ ಆಫ್ ಮಾಡಿ ಆನ್ ಮಾಡ್ತೀರಾ" ಎನ್ನುತ್ತಿದ್ದಳು. ದೇವರ ಮೇಲೆ ಅವಳಿಗೆ ದಿನವೂ ಭಕ್ತಿ ಇತ್ತು. ಮುನಿಕೃಷ್ಣಪ್ಪನ ಮೇಲೆ ಸಂಬಳದ ದಿನ ಮಾತ್ರ.

ಮುನಿಕೃಷ್ಣಪ್ಪನ ಸಾಮ್ರಾಜ್ಯ ನಿಂತಿದ್ದು ಮೂರು ಡಬ್ಬಿಗಳ ಮೇಲೆ. ಡಬ್ಬಿ ಅಂದರೆ ಊಟದ ಡಬ್ಬಿಯನ್ನು ಅಡ್ಡ ಮಲಗಿಸಿದಷ್ಟು ದೊಡ್ಡ ಕಂಪ್ಯೂಟರು. ಪರದೆ ಇಲ್ಲ, ಕೀಬೋರ್ಡ್ ಇಲ್ಲ, ತಣಿಯುವುದಕ್ಕೆ ಫ್ಯಾನೂ ಇಲ್ಲ. ಒಂದೊಂದು ಬಡಾವಣೆಯ ನೆಟ್ಟೆಲ್ಲ ಒಂದೊಂದು ಡಬ್ಬಿಯ ಹೊಟ್ಟೆಯೊಳಗೆ ಹಾದು ಮನೆಮನೆಗೆ ಹೋಗಬೇಕು. ಇದಕ್ಕಾಗಿ ಬಾಡಿಗೆ ಕೋಣೆ ಹಿಡಿಯುವಷ್ಟು ದಡ್ಡನಲ್ಲ ಆತ. "ನಿಮ್ಗೆ ನೆಟ್ ಫ್ರೀ, ಈ ಡಬ್ಬೀನ ಒಂದ್ ಮೂಲೇಲಿ ಇಟ್ಕೊಳ್ಳಿ ತಾಯಿ" ಎಂದು ಕೈಮುಗಿದು ಮೂರು ಮನೆಗಳಲ್ಲಿ ಇಟ್ಟುಬಂದಿದ್ದ. ಬೆನ್ಸನ್ ಟೌನಿನಲ್ಲಿ ಸಾಬಿರಾ ಎಂಬ ಹಿರಿಯ ಹೆಂಗಸಿನ ಮನೆಯ ಮೆಟ್ಟಿಲಡಿ ಒಂದು. ಕುಕ್ ಟೌನಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರ ವರಾಂಡದಲ್ಲಿ ಒಂದು. ಮರ್ಫಿ ಟೌನಿನಲ್ಲಿ, ರಾಯಚೂರು ಕಡೆಯಿಂದ ಬಂದು ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಹುಸೇನಮ್ಮನ ಹತ್ತಿರ ಒಂದು.

ಇವು ಬದುಕಿವೆಯೋ ಸತ್ತಿವೆಯೋ ತಿಳಿಯಲು ಆ ಆಫೀಸಿನಲ್ಲಿದ್ದದ್ದು ಒಂದೇ ವಿಧಾನ. ಹಂಸ ಬೆಳಿಗ್ಗೆ ಬಂದವಳೇ ದೇವರಿಗೆ ಊದುಬತ್ತಿ ಹಚ್ಚಿ, ಮೂರೂ ಮನೆಗೆ ಫೋನ್ ಮಾಡಿ, "ಹಸಿರು ದೀಪ ಉರೀತಿದ್ಯಾ?" ಎಂದು ಕೇಳಬೇಕು. ಸಾಬಿರಾ "ಉರೀತಾ ಇದೆ ಬೇಟಾ, ಅಲ್ಲಾನ ದಯೆ" ಎಂದು ಅಲ್ಲಿಂದ ತಮ್ಮ ಮಂಡಿನೋವಿಗೆ ಬರುವರು. ಮೇಷ್ಟ್ರು ದೀಪ ನೋಡಲು ಕನ್ನಡಕ ಹುಡುಕುವರು, ಕನ್ನಡಕ ಹುಡುಕಲು ಹೆಂಡತಿಯನ್ನು ಕೂಗುವರು. ಹುಸೇನಮ್ಮ ಮಾತ್ರ ಚುಟುಕಾಗಿ, "ಉರಿಯಾಕತ್ತೈತಿ ತಂಗಿ, ನಂದಾದೀಪ ಉರದಂಗ" ಎನ್ನುವಳು.

ಆ ದೀಪವನ್ನು ನಂಬಿದ್ದೇ ತಪ್ಪು. ಅದಕ್ಕೆ ಗೊತ್ತಿರುವುದು ಕರೆಂಟು ಬಂದಿದೆ ಎಂಬುದಷ್ಟೇ. ಡಬ್ಬಿ ಒಳಗೆ ಮೂರ್ಛೆ ಹೋಗಿದ್ದರೂ ಹೊರಗೆ ದೀಪ ಉರಿಯುತ್ತಲೇ ಇರುತ್ತದೆ, ಊಟವಾದ ಮೇಲೆ ಕುರ್ಚಿಯಲ್ಲಿ ಕೂತ ಮುನಿಕೃಷ್ಣಪ್ಪನ ಕಣ್ಣು ತೆರೆದೇ ಇರುವ ಹಾಗೆ.

ಈ ಸಲ ಧನುರ್ಮಾಸದ ಚಳಿ ಶುರುವಾಗುತ್ತಲೇ ಮರ್ಫಿ ಟೌನಿನ ಡಬ್ಬಿಗೆ ಅದೇ ಮೂರ್ಛೆರೋಗ ಹತ್ತಿಕೊಂಡಿತು. ಹೊತ್ತು ಮೂಡುವ ಮುಂಚೆ ಸ್ತಬ್ಧ. ಮೊಬೈಲಿನಲ್ಲಿ ತಿರುಪತಿಯ ಸುಪ್ರಭಾತ ಸೇವೆ ನೋಡುವ ಮುದುಕಿಯರಿಗೆ ವೆಂಕಟರಮಣ ಅರ್ಧ ನಾಮದಲ್ಲೇ ನಿಂತುಬಿಡುತ್ತಿದ್ದ. ಮನೆಯಲ್ಲೇ ಕೂತು ಆಫೀಸು ಮಾಡುವ ಹುಡುಗರು ಬಾಯಿ ತೆರೆದ ಭಂಗಿಯಲ್ಲೇ ಮ್ಯಾನೇಜರಿಗೆ ದರ್ಶನ ಕೊಡುತ್ತಿದ್ದರು. ಹಂಸ ಹುಸೇನಮ್ಮನಿಗೆ ಫೋನ್ ಮಾಡಿ, ಸ್ವಿಚ್ಚು ತೆಗೆದು ಹಾಕಿಸಿದರೆ ಮತ್ತೆ ಸರಿ. ಮರುದಿನ ಮತ್ತೆ ಅದೇ.

"ದೃಷ್ಟಿ ಕಣಮ್ಮಣ್ಣಿ ಇದು," ಎಂದ ಮುನಿಕೃಷ್ಣಪ್ಪ ಒಂದು ದಿನ, ಟೀ ಲೋಟ ಇಳಿಸುತ್ತ. "ಯಾವನೋ ನಮ್ ಡಬ್ಬಿ ಮೇಲೆ ಕಣ್ ಹಾಕವ್ನೆ. ಅಮಾವಾಸ್ಯೆ ದಿನ ಬೂದುಗುಂಬಳ ಒಡೆಸ್ತೀನಿ."

"ದೃಷ್ಟಿನೂ ಇಲ್ಲ ಏನೂ ಇಲ್ಲ ಮಾವ, ಲೊಕೇಶನ್ ಪ್ರಾಬ್ಲಮ್ಮು," ಎಂದ ಸುನಿಲ್. ಅವನು ಮುನಿಕೃಷ್ಣಪ್ಪನ ಅಕ್ಕನ ಮಗ. ಕಂಬ ಹತ್ತುವ ಹುಡುಗರ ಮೇಲೆ ಮೇಸ್ತ್ರಿಕೆ ಮಾಡುತ್ತ, ಹಂಸಳ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. "ಅದೇ ಬೀದೀಲಿ ನನ್ ಫ್ರೆಂಡ್ ಜಿಮ್ ಇದೆ. ಏಸಿ ಇದೆ, ಯುಪಿಎಸ್ ಇದೆ. ಡಬ್ಬೀನ ಅಲ್ಲಿಗೆ ಎತ್ತಾಕ್ಬಿಡೋಣ. ಹಂಗೇ ಸಿಸ್ಟಮ್ ಎಲ್ಲ ನಾನೇ ನೋಡ್ಕೋತೀನಿ. ಹಂಸಕ್ಕ ಕಲೆಕ್ಷನ್‌ಗೆ ಹೋಗ್ಲಿ. ಜನಗಳ ಹತ್ರ ಮಾತಾಡೋಕೆ ಅವರೇ ಸರಿ."

ಮುನಿಕೃಷ್ಣಪ್ಪ ಬೇಡವೆನ್ನಲಿಲ್ಲ. ಆತ ಬೇಡವೆನ್ನದಿದ್ದರೆ ಆಯಿತು ಎಂದೇ ಅರ್ಥ.

ಕಲೆಕ್ಷನ್ ಅಂದರೆ ತಿಂಗಳ ದುಡ್ಡಿಗಾಗಿ ಮನೆಮನೆಯ ಮೆಟ್ಟಿಲು ಹತ್ತಿ, ನಾಯಿ ಕಟ್ಟಿದ್ದೀರಾ ಎಂದು ಕೂಗಿ ಕೇಳಿ, ಯಜಮಾನ್ರು ಇಲ್ಲ ಎಂದು ಯಜಮಾನರ ಬಾಯಿಂದಲೇ ಕೇಳಿಸಿಕೊಂಡು ಇಳಿಯುವ ಉದ್ಯೋಗ. ಹಂಸ ಹೆದರಿದ್ದು ಮೆಟ್ಟಿಲಿಗಲ್ಲ. ಆ ಕುರ್ಚಿಯಲ್ಲಿ ಕೂತೇ ಅವಳು ಈ ಡಬ್ಬಿಗಳನ್ನು ನಡೆಸುವ ಲಿನಕ್ಸ್ ಕಲಿತದ್ದು, ಯಾರೂ ಹೇಳಿಕೊಡದೆ, ಬೈಗುಳ ಮತ್ತು ಬೈಗುಳದ ನಡುವಿನ ಬಿಡುವಿನಲ್ಲಿ. ಅವಳ ಪಾಲಿಗೆ ಜಗತ್ತಿನಲ್ಲಿ ಅದೊಂದೇ ಕಂಪ್ಯೂಟರು, ಅದೊಂದೇ ಕುರ್ಚಿ. ಬಿಟ್ಟರೆ ಮತ್ತೆ ಸಿಗುವುದಲ್ಲ.

"ಅಣ್ಣ, ಅಮಾವಾಸ್ಯೆವರೆಗೂ ಟೈಮ್ ಕೊಡಿ," ಎಂದಳು. "ಯಾಕೆ ನಿಲ್ತಿದೆ ಅಂತ ಕಂಡುಹಿಡಿದು ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಕುರ್ಚಿ ಸುನಿಲ್‌ಗೇ ಬಿಟ್ಕೊಡ್ತೀನಿ."

"ಹೆಂಗ್ ಕಂಡುಹಿಡೀತೀಯ?"

"ಡಬ್ಬೀನೇ ಕೇಳ್ತೀನಿ."

"ಹೇಳತ್ತೆ ಬಿಡಿ," ಎಂದ ಸುನಿಲ್. "ಕಾಫಿ ಆಯ್ತಾ ಅಂತಲೂ ಕೇಳಿ, ಪಾಪ."

ಡಬ್ಬಿಯನ್ನು ಕೇಳುವುದಕ್ಕೆ ಒಂದು ಉಪಕರಣವಿತ್ತು. ಯಾವ ದೇಶದವನೋ ಒಬ್ಬ ಪುಣ್ಯಾತ್ಮ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಬಣ್ಣ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿದರೆ, ದೂರದ ಯಂತ್ರದ ಮೈ ಎಷ್ಟು ಬಿಸಿಯಿದೆ, ತಲೆ ಎಷ್ಟು ತುಂಬಿದೆ, ಉಸಿರು ಎಷ್ಟು ವೇಗವಾಗಿದೆ ಎಂದು ಅಂಕಿಗಳಲ್ಲಿ ಉತ್ತರ ಕೊಡುತ್ತಿತ್ತು. ಅದರ ಹೆಸರು ಹೇಳಲು ನಾಲಗೆ ತಿರುಗುತ್ತಿರಲಿಲ್ಲವಾಗಿ ಹಂಸ ಅದಕ್ಕೆ ನಾಡಿ ಎಂದು ಹೆಸರಿಟ್ಟುಕೊಂಡಳು. ತೊಂದರೆ ಒಂದೇ. ಮುನಿಕೃಷ್ಣಪ್ಪನ ಡಬ್ಬಿಗಳು ಎಷ್ಟು ಹಳೆಯವು ಎಂದರೆ ತಯಾರಾಗಿ ಸಿಗುವ ಯಾವ ನಾಡಿಯೂ ಅವಕ್ಕೆ ಒಗ್ಗುತ್ತಿರಲಿಲ್ಲ. ಬರೆದವನ ಮೂಲವನ್ನೇ ಇಳಿಸಿಕೊಂಡು, ಆ ಡಬ್ಬಿಯೊಳಗೇ ಕಂಪೈಲ್ ಮಾಡಬೇಕಿತ್ತು. ಅಂದರೆ ಮನುಷ್ಯ ಬರೆದ ಸಾಲುಗಳನ್ನು ಯಂತ್ರವೇ ಅಗಿದು ನುಂಗಿ ತನ್ನ ಮೈಗೆ ಹತ್ತಿಸಿಕೊಳ್ಳಬೇಕಿತ್ತು.

ಮೂರು ಸಾಲು ಟೈಪಿಸಿ, ಆನಂದಿಸಿ ಎಂದು ಪುಣ್ಯಾತ್ಮ ಬರೆದಿದ್ದ. ಅಮಾವಾಸ್ಯೆಯ ಹಿಂದಿನ ದಿನ ಹಂಸ ಆಫೀಸಿನಿಂದಲೇ ಮರ್ಫಿ ಟೌನಿನ ಡಬ್ಬಿಯೊಳಗೆ ಹೊಕ್ಕು ಮೊದಲ ಸಾಲು ಟೈಪಿಸಿದಳು. ಕಂಪೈಲರ್ರೇ ಇಲ್ಲ ಎಂದಿತು ಡಬ್ಬಿ. ಅದನ್ನು ತಂದುಕೊಟ್ಟಳು. ನಾಡಿಗೆ ಆಸರೆಯಾಗಿ ಬೇಕಾದ, ಬೇರೆಯವರು ಬರೆದಿಟ್ಟ ಇಂಥ ಲೈಬ್ರರಿ ಇಲ್ಲ ಎಂದಿತು. ಅದನ್ನೂ ಇಳಿಸಿದಳು. ಆ ಲೈಬ್ರರಿಗೆ ಇನ್ನೊಂದು ಬೇಕಂತೆ, ಅದಕ್ಕೆ ಮತ್ತೊಂದಂತೆ. ಮದುವೆಗೆ ಒಬ್ಬ ಸೋದರತ್ತೆಯನ್ನು ಕರೆಯಲು ಹೋಗಿ, ಅವಳ ಬೀಗರನ್ನು ಬಿಡುವಂತಿಲ್ಲ, ಬೀಗರ ಷಡ್ಡಕನನ್ನು ಬಿಡುವಂತಿಲ್ಲ ಎಂದು ಪತ್ರಿಕೆ ಹಿಡಿದು ಸುತ್ತಿದ ಹಾಗಾಯಿತು. ಎಲ್ಲ ನೆಂಟರೂ ಬಂದು ಕೂತರು ಎನ್ನುವಾಗ, ಒಬ್ಬ ನೆಂಟನಿಗೆ ಇನ್ನೊಬ್ಬನನ್ನು ಕಂಡರೆ ಆಗದು ಎಂದು ತಿಳಿಯಿತು. ಹಳೆಯ ಲೈಬ್ರರಿ ಇದ್ದರೆ ಹೊಸದು ಒಳಗೆ ಬರುವುದಿಲ್ಲ.

ಸುನಿಲ್ ಹಿಂದೆ ನಿಂತು ಕಡಲೆಕಾಯಿ ಸುಲಿಯುತ್ತಿದ್ದ. "ಪ್ಲೇಸ್ಟೋರಲ್ಲಿ ಸಿಗಲ್ವಾ ಹಂಸಕ್ಕ ಇದು?"

"ಸಿಗಲ್ಲ."

"ಕೆಂಪಗೆ ಏನೋ ಬಂತು ನೋಡಿ."

"ನೋಡಿದೆ."

"ಮತ್ತೆ ಕೆಂಪು. ನಿಮ್ ಡಬ್ಬಿಗೆ ನಿಮ್ ಮೇಲೇ ಸಿಟ್ಟು ಅನ್ಸತ್ತೆ."

ತಾತ ಓದುವಾಗ ಎಲ್ಲೋ ಸಾಲು ತಪ್ಪಿದರೆ, ಮುಂದಕ್ಕೆ ಹಾರುತ್ತಿರಲಿಲ್ಲ. ಪದ್ಯದ ತಲೆಗೆ ಹೋಗಿ ಮತ್ತೆ ಹಿಡಿಯುತ್ತಿದ್ದರು, ಕೇಳುವವರು ಆಕಳಿಸಲಿ, ಎದ್ದುಹೋಗಲಿ. ಹಂಸಳೂ ಹಳೆಯ ನೆಂಟನನ್ನು ಹೊರಗೆ ಹಾಕಿ, ಎಲ್ಲ ಅಳಿಸಿ, ಮೊದಲಿನಿಂದ ಶುರುಮಾಡಿದಳು. ಸಂಜೆ ಕೆಳಗಿನ ಅಂಗಡಿಗಳಲ್ಲಿ ದೀಪ ಹತ್ತುವ ಹೊತ್ತಿಗೆ, ಡಬ್ಬಿಯ ಮಿದುಳಿನ ನಾಲ್ಕೂ ಭಾಗಗಳು, ಅಂದರೆ ಕೋರುಗಳು, ಒಟ್ಟಿಗೇ ದುಡಿಯಲಿ ಎಂಬ ಆಜ್ಞೆಯನ್ನೂ ಸೇರಿಸಿ ಕೊನೆಯ ಸಾಲು ಒತ್ತಿದಳು. ಪರದೆಯ ಮೇಲೆ ಸಾಲಿನ ಮೇಲೆ ಸಾಲು ಹರಿಯತೊಡಗಿತು. ಈ ಸಲ ಎಲ್ಲೂ ಮುಗ್ಗರಿಸಲಿಲ್ಲ. ಅವಳು ಮಡಿಲಲ್ಲಿ ಕೈಯಿಟ್ಟು, ಗುಡಿಯ ಜಗಲಿಯಲ್ಲಿ ಕೂತ ಹಾಗೆ ಸ್ವಲ್ಪ ಹೊತ್ತು ನೋಡಿದಳು. ಇಷ್ಟು ಹಳೆಯ ಡಬ್ಬಿಗೆ ಇದು ಗಂಟೆಗಟ್ಟಲೆ ಕೆಲಸ ಎಂದು ಗೊತ್ತಿತ್ತು. ಓಡಲಿ ಎಂದು ಬಿಟ್ಟು, ಹಲಸೂರಿನ ಮೆಟ್ರೋ ಹತ್ತಿ ಮನೆಗೆ ಹೋದಳು.

ಮನೆಯಲ್ಲಿ ಅವರೆಕಾಳಿನ ಸಾರಿಗೆ ಮುದ್ದೆ ಅದ್ದುತ್ತ ಎಡಗೈಯಲ್ಲಿ ಫೋನು ತೆರೆದು ನೋಡಿದಾಗ ಕಂಪೈಲ್ ಮುಗಿದಿತ್ತು. ಕಣ್ಣಿಗೊತ್ತಿಕೊಳ್ಳೋಣ ಎನ್ನಿಸಿತು, ಬಲಗೈ ಎಂಜಲು. ಊಟ ಅಲ್ಲಿಗೇ ಬಿಟ್ಟು ನಾಡಿಯನ್ನು ಮಿಕ್ಕ ಎರಡು ಡಬ್ಬಿಗಳಿಗೂ ಕಳಿಸಿದಳು. ಮೂರೂ ಒಂದೇ ಜಾತಿಯವಾದ್ದರಿಂದ ಅಲ್ಲಿ ಮತ್ತೆ ಕಂಪೈಲ್ ಮಾಡುವ ಗೋಳಿರಲಿಲ್ಲ. ಆಮೇಲೆ ಮರ್ಫಿ ಟೌನನ್ನು ಕೇಳಿದಳು, ಮೈ ಎಷ್ಟು ಬಿಸಿ?

ಎಂಬತ್ತೆಂಟು, ಎಂದಿತು.

ಹಂಸ ಕ್ಷಣ ಗಾಬರಿಯಾದಳು. ಮರುಕ್ಷಣ ತಾನೇ ಸಮಾಧಾನ ಹೇಳಿಕೊಂಡಳು. ಬರೆದವನು ಪರದೇಶದವನು, ಅವರ ಕಡೆ ಫ್ಯಾರನ್‌ಹೀಟ್ ಲೆಕ್ಕ. ಎಂಬತ್ತೆಂಟು ಎಂದರೆ ನಮ್ಮ ಮೈಯಷ್ಟೂ ಬಿಸಿಯಿಲ್ಲ. ಈ ಚಳಿಯಲ್ಲಿ ಪಾಪ ಡಬ್ಬಿ ನಡುಗುತ್ತಿರಬೇಕು. ಹೀಗೆಂದುಕೊಂಡು, ಕಂಪೈಲ್ ಆದದ್ದೆಲ್ಲ ಸರಿಯಿದೆಯೇ ಎಂದು ಡಬ್ಬಿ ತನ್ನನ್ನು ತಾನೇ ಬೆಳಗಿನವರೆಗೂ ಪರೀಕ್ಷಿಸಿಕೊಳ್ಳುವ ಇನ್ನೊಂದು ಆಜ್ಞೆ ಕೊಟ್ಟು, ದೇವರಿಗೆ ಕೈಮುಗಿದು ಮಲಗಿದಳು.

ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಹುಸೇನಮ್ಮನ ಫೋನು. ಅಷ್ಟು ದಿನದಲ್ಲಿ ಹುಸೇನಮ್ಮ ತಾನಾಗಿ ಫೋನ್ ಮಾಡಿದ್ದೇ ಇಲ್ಲ.

"ತಂಗಿ, ದೀಪ ಆರೇತಿ."

"ಸ್ವಿಚ್ ಆಫ್ ಮಾಡಿ ಆನ್ ಮಾಡಿ ಅಕ್ಕ."

"ಹತ್ತು ಸಲ ಮಾಡೀನಿ. ಅದು ಹೋತು ಅನಸ್ತೈತಿ. ನೀನ ಬಾ."

ಹಂಸ ಆಫೀಸಿಗೆ ಹೋಗದೆ ನೇರ ಮರ್ಫಿ ಟೌನಿಗೆ ಹೋದಳು. ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದ ಮೆಟ್ಟಿಲು. ಮೇಲೆ ಕೋಣೆಯ ಬಾಗಿಲಲ್ಲಿ ಹುಸೇನಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಗಂಡ ಹುಲಿಗೆಪ್ಪ ಆಗಲೇ ಗಾರೆ ಕೆಲಸಕ್ಕೆ ಹೋಗಿಯಾಗಿತ್ತು.

"ಬಾ ತಂಗಿ, ಕುಂದ್ರು. ಚಾ ಮಾಡ್ಲೇನು?"

"ಅಕ್ಕ, ಡಬ್ಬಿ ಮೇಲೆ ಏನದು ಬಿಳೀದು?"

"ಏನಿಲ್ಲವ್ವ. ಸುಣ್ಣ ಉದುರೇತಿ."

ಹಂಸ ಬೆರಳಿಂದ ಸವರಿ ಮೂಗಿನ ಹತ್ತಿರ ಹಿಡಿದಳು. "ಸುಣ್ಣಕ್ಕೆ ಮೆಂತ್ಯದ ವಾಸನೆ ಇರತ್ತಾ ಅಕ್ಕ?"

ಹುಸೇನಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. "ನಿನ್ ಮುಂದ ಸುಳ್ಳ್ಯಾಕ. ದ್ವಾಸಿ ಹಿಟ್ಟು."

ಆಮೇಲೆ ಕಟ್ಟೆಯೊಡೆದಂತೆ ಎಲ್ಲ ಹೊರಬಂತು. ಬೀದಿಯ ಅರ್ಧ ಮನೆಗಳಿಗೆ ದೋಸೆಹಿಟ್ಟು ಮಾರುವವಳು ಹುಸೇನಮ್ಮ. ಅವಳ ಸಂಪಾದನೆಯೇ ಅದು. "ನಮ್ ಕಡೆ ರೊಟ್ಟಿ ಬಡದ್ರ ಮುಗೀತು, ಹುಳಿ ಬರಸೂದು ಗಿಳಿ ಬರಸೂದು ಏನಿಲ್ಲ. ಇಲ್ಲಿ ಮಂದಿಗೆ ಮುಂಜಾನೆದ್ರ ದ್ವಾಸಿನ ಬೇಕು. ಈ ಥಂಡ್ಯಾಗ ಹಿಟ್ಟು ಕಲ್ಲಾಗಿ ಕುಂದ್ರತೈತಿ, ಉಬ್ಬೂದ ಇಲ್ಲ. ಈ ಮನ್ಯಾಗ ಬೆಚ್ಚಗಿರೂದು ಅಂದ್ರ ನಿನ್ ಡಬ್ಬಿ ಒಂದ. ನಾನೂ ನನ್ ಗಂಡನೂ ಗಡಗಡ ನಡುಗತೀವಿ, ಅದು ಮಾತ್ರ ದೊರಿ ಹಂಗ ಬೆಚ್ಚಗ ಕುಂತಿರತೈತಿ. ಅದರ ಮ್ಯಾಲ ಹಿಟ್ಟಿನ ಬೋಗಾಣಿ ಇಟ್ಟು, ಮ್ಯಾಲಿಂದ ಕೌದಿ ಹೊಚ್ಚತಿದ್ದೆ."

ಚಳಿ ಶುರುವಾದಾಗಿನಿಂದ ಡಬ್ಬಿ ಏಕೆ ಮೂರ್ಛೆ ಹೋಗುತ್ತಿತ್ತು ಎಂಬುದು ಹಂಸಳಿಗೆ ಈಗ ತಿಳಿಯಿತು. ಫ್ಯಾನಿಲ್ಲದ ಪ್ರಾಣಿ, ತಲೆಯ ಮೇಲೆ ಬೋಗಾಣಿ, ಮೈತುಂಬ ಕೌದಿ. "ಮತ್ತೆ ದಿನಾ ಬೆಳಿಗ್ಗೆ ನಾನು ಕೇಳ್ದಾಗ ದೀಪ ಉರೀತಿದೆ ಅಂತಿದ್ರಲ್ಲ?"

"ಕೌದಿ ತಗದು, ಬೋಗಾಣಿ ಇಳಿಸಿ, ಆಮ್ಯಾಗ ಫೋನ್ ಎತ್ತತಿದ್ದೆ. ದೀಪ ಉರಿಯಾಕತ್ತಿತ್ತು ಖರೇನ. ನಾ ಸುಳ್ಳು ಹೇಳಿಲ್ಲ." ಹುಸೇನಮ್ಮ ಮೂಗು ಒರೆಸಿಕೊಂಡಳು. "ನಿನ್ನಿ ಏನಾತೋ ತಿಳೀವಲ್ದು. ಡಬ್ಬಿಗೆ ಜ್ವರ ಬಂದಂಗ ಕಾದುಬಿಡ್ತು. ಹಿಟ್ಟು ಉಬ್ಬಿ ಉಬ್ಬಿ, ಮುಚ್ಚಿದ್ ತಾಟು ಎತ್ತಿ ಒಗದು, ಹೊರಗ ಬಂದೈತಿ. ಎದ್ದು ನೋಡಿದ್ರ ಕೌದಿಗೂ ದ್ವಾಸಿ, ಡಬ್ಬಿಗೂ ದ್ವಾಸಿ. ಉಳಿದ ಹಿಟ್ಟು ಹುಳಿ ಅಂದ್ರ ಹುಳಿ, ನಾಯಿನೂ ಮೂಸವಲ್ದು."

ಎಂಬತ್ತೆಂಟು. ಅದು ಫ್ಯಾರನ್‌ಹೀಟ್ ಆಗಿರಲಿಲ್ಲ. ನಮ್ಮ ನಿಮ್ಮ ಸೆಲ್ಸಿಯಸ್ಸೇ. ನಾಲ್ಕು ಕೋರು, ಗಂಟೆಗಟ್ಟಲೆ ಕಂಪೈಲು, ಅದು ಸಾಲದೆಂಬಂತೆ ಬೆಳಗಿನವರೆಗೂ ಪರೀಕ್ಷೆ.

"ಆ ಜ್ವರ ನಾನೇ ತರಿಸಿದ್ದು ಅಕ್ಕ," ಎಂದಳು.

ಹುಸೇನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀ ಅಲ್ಲೆ ನಿಮ್ಮೂರಾಗ ಕುಂತು, ಇಲ್ಲೆ ನನ್ ಹಿಟ್ಟು ಹುಳಿ ಮಾಡಿದಿ? ಮಾಟ ಗೀಟ ಮಾಡತಿ ಏನ?"

"ಮಾಟ ಅಲ್ಲ ಅಕ್ಕ. ಕಂಪೈಲ್."

"ಏನರ ಇರ್ಲಿ. ನಮ್ಮಂಥೋರ ಮ್ಯಾಲ ಮಾಡಬಾರದು."

ಅಷ್ಟರಲ್ಲಿ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಅದು ಮುನಿಕೃಷ್ಣಪ್ಪನದು, ಆ ಉಸಿರು ಎರಡು ಮಹಡಿ ಕೆಳಗಿನಿಂದಲೇ ಗುರುತು ಸಿಗುವಂಥದ್ದು. ಅಮಾವಾಸ್ಯೆ ಎಂದು ಆತ ಬೂದುಗುಂಬಳ ಸಮೇತ ಬರುತ್ತಿದ್ದ.

ಆ ಏದುಸಿರು ಮೇಲೇರುವಷ್ಟು ಹೊತ್ತು ಹಂಸಳಿಗೆ ಯೋಚಿಸಲು ಸಮಯ ಸಿಕ್ಕಿತು, ಸಿಗದಿದ್ದರೆ ಒಳ್ಳೆಯದಿತ್ತು. ಹುಸೇನಮ್ಮನ ಹಿಟ್ಟಿನಿಂದ ಕೆಟ್ಟಿತು ಎಂದರೆ ಸಾಕು. ಅದು ಮುಕ್ಕಾಲು ಪಾಲು ನಿಜವೇ. ಕಾರಣ ಕಂಡುಹಿಡಿದದ್ದಾಯಿತು, ಕುರ್ಚಿ ಉಳಿಯಿತು. ಡಬ್ಬಿ ಬೇರೆ ಮನೆಗೆ ಹೋಗುತ್ತದೆ, ಹುಸೇನಮ್ಮನ ಹಿಟ್ಟು ಕಲ್ಲಾಗಿ ಕೂರುತ್ತದೆ. ತನ್ನ ಪಾಲನ್ನೂ ಹೇಳಿದರೆ, ಡಬ್ಬಿಯನ್ನು ಕೊಂದವಳೇ ಕುರ್ಚಿ ಕೇಳಿದ ಹಾಗೆ. ಹುಸೇನಮ್ಮ ಹೊಸಿಲಿನಿಂದ ಎದ್ದು, ಕೌದಿಯನ್ನು ಒದ್ದೆ ಭಾಗ ಒಳಗೆ ಬರುವಂತೆ ಮಡಿಸುತ್ತಿದ್ದಳು. ಯಾರೂ ನೋಡದಿರಲಿ ಎಂದು ಬೇಗಬೇಗ ಮಡಿಸುತ್ತಿದ್ದಳು. ಅದನ್ನು ನೋಡಿ ಹಂಸಳಿಗೆ ಸುಳ್ಳು ಹೇಳುವ ಬಾಯಿ ಇಲ್ಲವಾಯಿತು.

ಮುನಿಕೃಷ್ಣಪ್ಪ ಒಳಗೆ ಬಂದ. ಹಿಂದೆ ಸುನಿಲ್, ಕಂಕುಳಲ್ಲಿ ಬೂದುಗುಂಬಳ, ಮೈಯೆಲ್ಲ ಬೂದಿ. ಮುನಿಕೃಷ್ಣಪ್ಪ ಡಬ್ಬಿ ನೋಡಿ ನಿಂತ. ಹಿಟ್ಟು ಇಳಿದು, ಒಣಗಿ, ಪದರ ಕಟ್ಟಿ, ಶನಿವಾರದ ಆಂಜನೇಯನ ಬೆಣ್ಣೆ ಅಲಂಕಾರದ ಹಾಗೆ ಕಾಣುತ್ತಿತ್ತು. ಆತನ ಕೈ ತಾನಾಗಿ ಅರ್ಧ ಜೋಡಿಸಿಕೊಂಡಿತು, ಆಮೇಲೆ ಬುದ್ಧಿ ಬಂದು ಇಳಿಯಿತು.

"ಯಾರದಿದು ಕೆಲ್ಸ?"

"ನಂದ ರೀ ಸಾವ್ಕಾರ್ರ," ಎಂದಳು ಹುಸೇನಮ್ಮ.

"ಅರ್ಧ ನಂದು ಅಣ್ಣ," ಎಂದಳು ಹಂಸ. ಎಂದವಳು ಬೋಗಾಣಿ, ಕೌದಿ, ಕಂಪೈಲು, ಎಂಬತ್ತೆಂಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಸುನಿಲನ ಮುಖ ಅರಳಿತು. "ನೋಡಿದ್ರಾ ಮಾವ. ಒಬ್ರು ಕೆಳಗಿಂದ ಕಾಯ್ಸಿದ್ರು, ಒಬ್ರು ಮೇಲಿಂದ ಸುರಿದ್ರು. ಇಬ್ರೂ ಸೇರಿ ಡಬ್ಬೀನ ಉತ್ತಪ್ಪ ಮಾಡಿದ್ರು. ಜಿಮ್‌ಗೆ ಫೋನ್ ಮಾಡ್ಲಾ?"

"ಒಂದ್ನಿಮಿಷ ಅಣ್ಣ," ಎಂದಳು ಹಂಸ. ಫೋನಿನಲ್ಲೇ ನಾಡಿಯನ್ನು ತೆರೆದು ಬೆನ್ಸನ್ ಟೌನನ್ನು ಕೇಳಿದಳು. ಎಪ್ಪತ್ತೊಂದು, ಎಂದಿತು. ಈ ಸಲ ಫ್ಯಾರನ್‌ಹೀಟಿನ ಭ್ರಮೆ ಇರಲಿಲ್ಲ. ಸಾಬಿರಾಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ದೀಪ ಉರೀತಾ ಇದೆ ಬೇಟಾ," ಎಂದರು ಸಾಬಿರಾ, ಕೇಳುವ ಮುಂಚೆಯೇ.

"ಅದ್ಸರಿ ಆಂಟಿ. ಡಬ್ಬಿ ಮೇಲೆ ಏನಿದೆ?"

"ಏನೂ ಇಲ್ಲ."

"ಆಂಟಿ."

"ಬಿಲ್ಲಿ ಇದೆ," ಎಂದರು ಸಾಬಿರಾ ಸಣ್ಣ ದನಿಯಲ್ಲಿ. "ಬಾಣಂತಿ ಬೇಟಾ, ಚಳಿ ನೋಡು. ಮರಿಗಳೂ ಇವೆ. ನಿಮ್ಮ ಮುನಿಕೃಷ್ಣಪ್ಪಂಗೆ ಹೇಳ್ಬೇಡ, ಆ ಮನುಷ್ಯಂಗೆ ದಿಲ್ ಇಲ್ಲ."

ದಿಲ್ ಇಲ್ಲದ ಮನುಷ್ಯ ಗಂಟಲು ಸರಿಮಾಡಿಕೊಂಡ. ಕುಕ್ ಟೌನಿನ ಬಿಸಿ ಕಡಿಮೆಯಿತ್ತು. ಆದರೂ ಕೇಳಿದರೆ, ಮೇಷ್ಟ್ರು ಹೆಂಡತಿಯನ್ನು ಕೂಗಿ ವಿಚಾರಿಸಿ, ಅಲ್ಲಿ ತಮ್ಮ ಕಾಲುಚೀಲ ಒಣಗುತ್ತಿದೆ ಎಂದು ಒಪ್ಪಿಕೊಂಡರು.

"ಎಲ್ಲರ ಮನೇಲೂ ಇದೇ ಕಥೆ ಅಣ್ಣ," ಎಂದಳು ಹಂಸ. "ಚಳೀಲಿ ಬೆಚ್ಚಗಿರೋ ವಸ್ತು ಮನೇಲಿದ್ರೆ ಯಾರೂ ಸುಮ್ನೆ ಬಿಡಲ್ಲ. ಡಬ್ಬಿ ಎಲ್ಲಿಟ್ರೂ ಅದರ ಮೇಲೆ ಏನಾದ್ರೂ ಬಂದು ಕೂರತ್ತೆ."

"ಜಿಮ್ಮಲ್ಲಿ ಇಂಥದೆಲ್ಲ ಇರಲ್ಲ ಮಾವ."

"ಜಿಮ್ಮಲ್ಲಿ ಬೆವರಿನ ಬನೀನು ಒಣಗಾಕ್ತಾರೆ," ಎಂದ ಮುನಿಕೃಷ್ಣಪ್ಪ. "ನೀನೇ ಒಣಗಾಕ್ತೀಯ. ಮನೇಲಿ ಫ್ರಿಜ್ಜಿನ ಹಿಂದೆ ಒಣಗಾಕ್ತಾನೆ ಅಂತ ನಿಮ್ಮಮ್ಮ ಊರಿಗೆಲ್ಲ ಹೇಳ್ಕೊಂಡು ಬರ್ತಾವ್ಳೆ." ಆತ ಹಂಸಳ ಫೋನಿನ ಮೇಲೆ ಬಗ್ಗಿ ಅಂಕಿಗಳನ್ನು ನೋಡಿದ. "ಇದು ಹೇಳತ್ತಾ, ಯಾರ್ ಯಾರ ಮನೇಲಿ ಏನೇನು ಇಟ್ಟವ್ರೆ ಅಂತ?"

"ಬಿಸಿ ಎಷ್ಟು ಅಂತಷ್ಟೇ ಹೇಳತ್ತೆ ಅಣ್ಣ. ಬೆಕ್ಕೋ, ಹಿಟ್ಟೋ ಅಂತ ಫೋನ್ ಮಾಡೇ ಕೇಳ್ಬೇಕು."

ಮುನಿಕೃಷ್ಣಪ್ಪ ಬಹಳ ಹೊತ್ತು ಯೋಚಿಸಿದ. ಆತ ಯೋಚಿಸುವಾಗ ಮೀಸೆಯ ಒಂದು ಕಡೆ ಮಾತ್ರ ಅಲ್ಲಾಡುತ್ತಿತ್ತು.

"ಹಂಗಾದ್ರೆ ನೀನೇ ಕೂತ್ಕೋ ಅಮ್ಮಣ್ಣಿ ಅಲ್ಲಿ," ಎಂದ ಕೊನೆಗೆ. "ಈ ನನ್ಮಗ ಫೋನ್ ಮಾಡಿ ಕೇಳಿದ್ರೆ ಬೆಕ್ಕಲ್ಲ, ಬೆಕ್ಕಿನ ಮೀಸೇನೂ ಇಲ್ಲ ಅಂತಾರೆ. ನಿನ್ ಹತ್ರ ಹೇಳ್ಬಿಡ್ತಾರೆ. ಗೋಡೌನಲ್ಲಿ ಇನ್ನೊಂದ್ ಹಳೇ ಡಬ್ಬಿ ಬಿದ್ದೈತೆ, ತಂದು ಇಲ್ಲೇ ಹಾಕ್ಸು. ಮುಂದಿನ್ಸಲ ಕಾಯ್ಸೋವಾಗ ಮೇಲೆ ಯಾರವ್ರೆ ಅಂತ ನೋಡ್ಕೊಂಡು ಕಾಯ್ಸು." ಹುಸೇನಮ್ಮನ ಕಡೆ ತಿರುಗಿದ. "ನೀನು ಅದರ ಮೇಲೆ ಏನೂ ಇಡಂಗಿಲ್ಲ. ಕೌದಿ ಪೌದಿ ಹೊಚ್ಚಂಗಿಲ್ಲ. ಬೇಕಾದ್ರೆ ಗೋಡೆಗೆ ಒಂದ್ ಹಲಗೆ ಹೊಡೆಸ್ಕೊಡ್ತೀನಿ, ಒಂದ್ ಮೊಳ ಮೇಲೆ ಇಟ್ಕೋ."

"ಅಷ್ಟ್ ದೂರ ಇಟ್ರ ಹಿಟ್ಟಿಗೆ ಏನ್ ಹತ್ತತೈತ್ರೀ ಸಾವ್ಕಾರ್ರ?"

"ಅದೆಲ್ಲ ನಂಗೊತ್ತಿಲ್ಲ," ಎಂದ ಮುನಿಕೃಷ್ಣಪ್ಪ.

ತಂದ ಬೂದುಗುಂಬಳವನ್ನು ವಾಪಸು ಒಯ್ಯುವುದು ಅಶುಭವೆಂದು ಸುನಿಲನ ಕೈಯಲ್ಲಿ ಅದನ್ನು ಮತ್ತೆ ಕೆಳಗೆ ಹೊರಿಸಿ, ಬೀದಿಯ ನಡುವೆ ಒಡೆಸಿದ. ಹಿಂದೆ ಬರುತ್ತಿದ್ದ ಆಟೋದವನು ತಮಿಳಿನಲ್ಲೊಂದು, ಉರ್ದುವಿನಲ್ಲೊಂದು ಬೈದು, ಅದು ಸಾಲದೆನ್ನಿಸಿ ಕನ್ನಡದಲ್ಲೂ ಒಂದು ಸೇರಿಸಿ ಹೋದ.

ಆ ವಾರವೇ ಹಲಗೆ ಬಂತು, ಡಬ್ಬಿ ಬಂತು, ಆ ಬೀದಿಯ ವೆಂಕಟರಮಣನಿಗೆ ಪೂರ್ತಿ ನಾಮ ಬಂತು. ಬಾರದೆ ಉಳಿದದ್ದು ಹುಸೇನಮ್ಮನ ಹಿಟ್ಟಿಗೆ ಹುದುಗು ಒಂದೇ. ನೆಟ್ ಹರಿಸುವುದಷ್ಟೇ ಕೆಲಸವಾದರೆ ಡಬ್ಬಿ ಹಲಗೆಯವರೆಗೆ ಶಾಖ ಕೊಡುವಷ್ಟು ಕಾಯುತ್ತಿರಲಿಲ್ಲ. ಎರಡು ದಿನ ಗಿರಾಕಿಗಳು ಹಿಟ್ಟು ವಾಪಸು ತಂದರು. ಮೂರನೆಯ ಸಂಜೆ ಹಂಸ ಆಫೀಸಿನಲ್ಲಿ ಕೂತು ಮರ್ಫಿ ಟೌನಿನ ಡಬ್ಬಿಯೊಳಗೆ ಹೊಕ್ಕು, ನಾಡಿಯ ಮೂಲವನ್ನು ಮತ್ತೆ ಕಂಪೈಲ್‌ಗೆ ಹಾಕಿದಳು. ನಾಲ್ಕು ಕೋರು ಕೊಡಲಿಲ್ಲ, ಎರಡೇ ಕೊಟ್ಟಳು. ಸಾಲುಗಳು ಹರಿಯತೊಡಗಿದವು.

ಸುನಿಲ್ ಹಿಂದೆ ಬಂದು ನಿಂತ. "ಆಗ್ಲೇ ಕಂಪೈಲ್ ಆಗಿದ್ಯಲ್ಲ ಹಂಸಕ್ಕ ಇದು? ಮತ್ತೆ ಯಾಕೆ?"

"ನಾಳೆ ಭಾನುವಾರ," ಎಂದಳು ಹಂಸ. "ಜನ ದೋಸೆ ಜಾಸ್ತಿ ಮಾಡ್ತಾರೆ."

ಅವನು ಇದರಲ್ಲಿ ಏನಾದರೂ ತಾಂತ್ರಿಕ ವಿಷಯ ಇರಬಹುದೇ ಎಂದು ಯೋಚಿಸುತ್ತ ಹೋದ. ಹಂಸ ಒಂದು ಕಣ್ಣು ನಾಡಿಯ ಅಂಕಿಯ ಮೇಲಿಟ್ಟು ದೂರಿನ ಚೀಟಿಗಳನ್ನು ಜೋಡಿಸುತ್ತಿದ್ದಳು. ಅಂಕಿ ಮೆಲ್ಲಗೆ ಏರಿ ಐವತ್ತೆಂಟಕ್ಕೆ ನಿಂತಿತು. ಫೋನು ಬಂತು.

"ತಂಗಿ, ಇನ್ನೊಂದೀಟು ಕಾಸು. ಹಿಟ್ಟು ಇನ್ನ ಕಣ್ ಬಿಟ್ಟಿಲ್ಲ."

"ಸಾಕು ಅಕ್ಕ. ಜಾಸ್ತಿ ಆದ್ರೆ ನೆಟ್ ನಿಲ್ಲತ್ತೆ, ಜನ ನನ್ನ ಬೈತಾರೆ."

"ನಿನಗ ಫೋನಿನಾಗ ಬೈತಾರವ್ವ. ನನಗ ಬಾಗಲಿಗೆ ಬಂದು ಬೈತಾರ."

ಹಂಸ ಕೇಳಿಸಿಕೊಂಡಳು. ಎರಡಿದ್ದ ಕೋರನ್ನು ಮೂರು ಮಾಡಿ, ಬಿಸಿ ಅರವತ್ತೈದು ದಾಟಿದರೆ ಕಂಪೈಲು ತಾನಾಗಿ ನಿಲ್ಲುವಂತೆ ಒಂದು ಸಾಲು ಬರೆದು, ಬ್ಯಾಗು ಹೆಗಲಿಗೇರಿಸಿದಳು.